ಬಿಡಬೇಡ ಸೊಪ್ಪು

"ಬಿಡಬೇಡ," ಅಂದಳು ಮುದುಕಿ.

ಕೋಣೆಯಲ್ಲಿ ಆಗ ಮೂವರಿದ್ದರು. ಮೂವರೂ ಆ ಮಾತನ್ನು ತಮ್ಮ ತಮ್ಮ ಕಡೆಗೇ ಎಳೆದುಕೊಂಡರು. ಹಾಸಿಗೆಯ ಅಂಚಿನಲ್ಲಿ ಕೂತಿದ್ದ ಮಗಳು ಅಮ್ಮನ ಗಲ್ಲ ಸವರಿ, "ನೋಡಿದ್ರಾ, ನನ್ನನ್ನ ಬಿಡಬೇಡ ಅಂತಿದಾಳೆ. ಕರ್ಕೊಂಡು ಹೋಗು ಅಂತ," ಎಂದು ಗಂಡನ ಮುಖ ನೋಡಿದಳು. ಬಾಗಿಲಿಗೆ ಒರಗಿ ನಿಂತಿದ್ದ ಅಳಿಯನಿಗೆ ದಿನವಿಡೀ ಕಾರು ಓಡಿಸಿ ಸೊಂಟ ಬಿದ್ದುಹೋಗಿತ್ತು. ಅತ್ತೆಯೇ ಬಿಡಬೇಡ ಎನ್ನುವಾಗ ಇವತ್ತು ಇಲ್ಲೇ ಉಳಿದು ನಾಳೆ ಹೊರಟರಾಯಿತು ಎಂದು ಅವನು ತನಗೆ ಬೇಕಾದ ಅರ್ಥ ಮಾಡಿಕೊಂಡ. ಇನ್ನು ಸೊಸೆ. ಅವಳು ಇಸ್ತ್ರಿ ಮಾಡುತ್ತಿದ್ದ ಅಂಗಿಯನ್ನು ಅರ್ಧಕ್ಕೇ ಬಿಟ್ಟು ಮುಂದುಗಡೆಯಿಂದ ಓಡಿಬಂದಿದ್ದಳು. ಆ ಮಾತು ತನಗೇ ಹೇಳಿದ್ದು ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ನಾದಿನಿಯ ಎದುರು ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಲಕ್ವ ಹೊಡೆದು ಮೈಯ ಬಲಭಾಗ ಬಿದ್ದುಹೋದ ಮೇಲೆ ಆ ಬಾಯಲ್ಲಿ ಉಳಿದುಕೊಂಡ ಮಾತು ಅದೊಂದೇ. ಎಂಥ ಬಾಯಿ ಅದು! ಬೀದಿಯ ಈ ತುದಿಯಲ್ಲಿ ನಿಂತು ಬೈದರೆ ಆ ತುದಿಯವರು ತಮಗೇ ಇರಬೇಕೆಂದು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಈಗ ಹಸಿವಾದರೆ ತಟ್ಟೆ ತೋರಿಸುತ್ತಾಳೆ, ಬಾಯಾರಿದರೆ ಲೋಟ ತೋರಿಸುತ್ತಾಳೆ. ಬಿಡಬೇಡ ಎನ್ನುವುದು ಬೇರೆ ಯಾವುದಕ್ಕೋ. ಆ ಬೇರೆಯದು ಯಾವುದು ಎನ್ನುವುದೇ ಮನೆಯ ತಕರಾರಾಗಿತ್ತು.

ಅತ್ತೆ ಸೊಸೆ ಸೇರಿ ನಡೆಸುತ್ತಿದ್ದದ್ದು ಬಟ್ಟೆ ಒಗೆಯುವ ಅಂಗಡಿ. ಮುಂದುಗಡೆ ಇಸ್ತ್ರಿ ಮೇಜು, ನಡುವೆ ಎರಡು ಕೋಣೆ, ಹಿಂದೆ ಒಗೆಯುವ ಕಲ್ಲು, ತೊಟ್ಟಿ, ಅದರಾಚೆ ಒಣಹಾಕುವ ಬಯಲು. ಬಯಲಿನ ಸುತ್ತ ಬೇಲಿ. ಬೇಲಿಯ ಬುಡದಲ್ಲಿ ಸೊಂಟದೆತ್ತರಕ್ಕೆ ಬೆಳೆಯುವ ಒಂದು ಕಾಡುಗಿಡ. ಗಿಡಮೂಲಿಕೆ ಬಲ್ಲವರು ಅದನ್ನು ಉತ್ತರಾಣಿ ಎನ್ನುತ್ತಾರೆ. ಪಕ್ಕದಲ್ಲಿ ಹಾದುಹೋದರೆ ಸಾಕು, ಅದರ ಚೂಪು ಬೀಜ ಬಟ್ಟೆಗೆ ಅಂಟಿಕೊಂಡು ಕರೆಯದೆಯೇ ಮನೆವರೆಗೆ ಬರುತ್ತದೆ. ಅತ್ತೆ ಅದಕ್ಕೆ ಇಟ್ಟ ಹೆಸರು ಬಿಡಬೇಡ. ಗಾಳಿಗೆ ಹಾರಿದ ಬೆಡ್‌ಶೀಟು ಬೇಲಿಗೆ ತಾಗಿತೋ, ಕೂತು ಒಂದೊಂದೇ ಬೀಜ ಕೀಳುವ ಶಿಕ್ಷೆ. ಆ ಹೊತ್ತಿನಲ್ಲಿ ಗಿಡದ ಏಳು ತಲೆಮಾರನ್ನೂ ಬೈಯುತ್ತಿದ್ದವಳು ಅವಳೇ, ಸಂಜೆಗೆ ಅದೇ ಗಿಡವನ್ನು ಕೊಯ್ದು ತರುತ್ತಿದ್ದವಳೂ ಅವಳೇ. ಒಗೆಯುವ ಸೋಡಾದ ನೀರಿನಲ್ಲಿ ಬೆಂದು ಬಿರಿದ ಅಂಗೈಗೆ ಅದರ ಸೊಪ್ಪು ಅರೆದು ಕಟ್ಟಿದರೆ ಉರಿ, ನವೆ ಇಳಿಯುತ್ತದೆಂದು ಅವಳ ನಂಬಿಕೆ. ಇಳಿಯುತ್ತಲೂ ಇತ್ತು.

ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಗೆ ಇದೊಂದೂ ಗೊತ್ತಿಲ್ಲ. ಹಗ್ಗದಲ್ಲಿ ಜಾಗ ಸಾಲದೆಂದು ವಸತಿಗೃಹವೊಂದರ ಬಿಳಿ ಬೆಡ್‌ಶೀಟುಗಳನ್ನೆಲ್ಲ ಬೇಲಿಯ ಮೇಲೆ ಹರವಿಬಂದಳು, ಅದೂ ಕೆಲಸ ಮುಗಿಸಿದ ಹೆಮ್ಮೆಯಲ್ಲಿ. ಅತ್ತೆ ನೋಡಿ ತಲೆಯ ಮೇಲೆ ಕೈ ಹೊತ್ತಳು. ಕತ್ತಲಾಗುವವರೆಗೂ ಇಬ್ಬರೂ ಎದುರುಬದುರು ಕೂತು ಬೀಜ ಕಿತ್ತರು. ಮಗ ಮನೆಗೆ ಬಂದಾಗ ಅತ್ತೆ ಹೇಳಿದ ಮಾತು ಬೀದಿಯಲ್ಲೆಲ್ಲ ಹಬ್ಬಿತು: "ಬೇಲೀಲಿ ಇರೋ ಬಿಡಬೇಡ ಸಾಲದು ಅಂತ ಮನೆಯೊಳಕ್ಕೊಂದು ತಂದ್ಯಲ್ಲೋ."

ಅಲ್ಲಿಂದ ಅದೇ ಹೆಸರು. ಬಿಡಬೇಡ, ಸೋಪು ತಾ. ಬಿಡಬೇಡ, ಎಲ್ಲಿ ಹಾಳಾಗಿ ಹೋದೆ. ಮೊದಮೊದಲು ಸೊಸೆ ಮುಖ ಊದಿಸಿಕೊಳ್ಳುತ್ತಿದ್ದಳು. ಆಮೇಲೆ ಅಭ್ಯಾಸವಾಯಿತು, ಆಮೇಲೆ ಸ್ವಂತ ಹೆಸರಿನಲ್ಲಿ ಯಾರಾದರೂ ಕರೆದರೆ ತಿರುಗಿ ನೋಡುವುದೇ ಮರೆತಳು. ಗಂಡ ಮಾತ್ರ ಆ ಹೆಸರಿನಲ್ಲಿ ಕರೆಯಲಿಲ್ಲ, ಅಮ್ಮ ಕರೆದಾಗೆಲ್ಲ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದ.

ಆ ಗಂಡ ಒಂದು ಮಧ್ಯಾಹ್ನ ಎದೆನೋವೆಂದು ತೊಟ್ಟಿಯ ಕಟ್ಟೆಗೆ ಕೂತವನು ಏಳಲೇ ಇಲ್ಲ. ಅವತ್ತಿನಿಂದ ಅತ್ತೆ ಆ ಹೆಸರನ್ನು ಬಾಯಿಂದ ತೆಗೆದುಬಿಟ್ಟಳು. ಏ, ಇವಳೇ, ಕೇಳಿಸ್ತಾ ಎನ್ನುವುದರಲ್ಲೇ ಎಲ್ಲ ಮುಗಿಯುತ್ತಿತ್ತು. ಮಕ್ಕಳಿಲ್ಲದ ಸೊಸೆ, ಇನ್ನೂ ವಯಸ್ಸಿದೆ, ಇವತ್ತಲ್ಲ ನಾಳೆ ಹೊರಟುಹೋಗುವವಳು ಎಂದು ಅವಳು ಅಕ್ಕಪಕ್ಕದವರಲ್ಲಿ ಹೇಳುತ್ತಿದ್ದದ್ದು ಸೊಸೆಯ ಕಿವಿಗೂ ಬಿತ್ತು. ಸೊಸೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಅತ್ತೆ ಕೇಳಲೂ ಇಲ್ಲ, ಸೊಸೆ ಹೇಳಲೂ ಇಲ್ಲ. ಬೆಳಗೆದ್ದು ನೀರು ಕಾಯಿಸುವುದು, ನೆನೆಹಾಕುವುದು, ಕುಕ್ಕುವುದು, ಹಿಂಡುವುದು. ಹಿಂಡುವಾಗ ಬೆಡ್‌ಶೀಟಿನ ಒಂದು ತುದಿ ಅತ್ತೆಯ ಕೈಯಲ್ಲಿ, ಇನ್ನೊಂದು ಸೊಸೆಯ ಕೈಯಲ್ಲಿ. ಎಷ್ಟೋ ವರ್ಷ ಅವರಿಬ್ಬರ ನಡುವಿನ ಸಂಬಂಧವೆಂದರೆ ಅಷ್ಟೇ ಎಂದು ನೋಡಿದವರು ಅಂದುಕೊಳ್ಳುತ್ತಿದ್ದರು.

ಹಾಗಿರುವಾಗ ಆಸ್ಪತ್ರೆಯ ಮಂಚದ ಮೇಲೆ ಕಣ್ಣುಬಿಟ್ಟ ಅತ್ತೆ, ಸೊಟ್ಟಗಾದ ಬಾಯಲ್ಲಿ ತಡವರಿಸಿ ತಡವರಿಸಿ ಮೊದಲು ಆಡಿದ ಮಾತು ಬಿಡಬೇಡ. ಸೊಸೆಯ ಎದೆ ತುಂಬಿ ಬಂತು. ಹೆಸರು ಹಿಡಿದು ಕರೆದಳೋ, ನನ್ನ ಬಿಟ್ಟು ಹೋಗಬೇಡ ಎಂದಳೋ, ಎರಡರಲ್ಲಿ ಯಾವುದಾದರೂ ತನಗೆ ಸಂದದ್ದೇ ಅಲ್ಲವೇ. ಮನೆಗೆ ಕರೆತಂದ ಮೇಲೂ ಅಷ್ಟೇ. ಒಳಗಿನಿಂದ ಆ ಮಾತು ಬಂದರೆ ಇಸ್ತ್ರಿ ಆರಿಸಿ ಓಡುವಳು, ಸ್ವಾಧೀನವಿದ್ದ ಎಡಗೈಯನ್ನು ಹಿಡಿದು ಕೂರುವಳು. ಅತ್ತೆ ಸುಮ್ಮನಾಗುವಳು. ಗಿರಾಕಿಗಳು ಕಾದು ಕಾದು ಬೈದು ಹೋದರೂ ಸೊಸೆಗೆ ಬೇಸರವಿಲ್ಲ. ಹೇಳಬಾರದು, ಗಂಡ ಹೋದ ಮೇಲೆ ಅವಳು ಅಷ್ಟು ಸುಖವಾಗಿದ್ದದ್ದು ಆ ದಿನಗಳಲ್ಲೇ.

ನಾದಿನಿ ಕೆಟ್ಟವಳಲ್ಲ. ದೂರದ ಊರಿನಲ್ಲಿ ಕಚೇರಿ ಕೆಲಸ, ಗಾಳಿ ಬೆಳಕಿರುವ ಮನೆ, ಹತ್ತಿರದಲ್ಲೇ ಡಾಕ್ಟರು, ನೋಡಿಕೊಳ್ಳಲು ಹೆಂಗಸೊಬ್ಬಳನ್ನೂ ಗೊತ್ತುಮಾಡಿದ್ದಳು. ಇಲ್ಲಿ ನೆಲವೆಲ್ಲ ತೇವ, ಹೊಗೆ, ಸೋಡಾದ ಘಾಟು. ಅಮ್ಮನನ್ನು ಕಳಿಸಿಕೊಡಿ ಎಂದು ಫೋನಿನಲ್ಲಿ ಕೇಳಿದಾಗೆಲ್ಲ ಸೊಸೆಯ ಉತ್ತರ ಒಂದೇ: ನಾನು ಹೇಗೆ ಕಳಿಸಲಿ, ಅವರೇ ಬಿಡಬೇಡ ಅಂತಾರಲ್ಲ. ಬೇರೆ ಯಾವ ಹಕ್ಕೂ ಅವಳಿಗಿರಲಿಲ್ಲ, ಹೆತ್ತ ಮಗಳ ಮುಂದೆ ಸತ್ತ ಮಗನ ಹೆಂಡತಿಯ ಮಾತು ಎಷ್ಟರದು? ಕೈಯಲ್ಲಿದ್ದದ್ದು ಆ ಒಂದು ಮಾತು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಫೋನಿನಲ್ಲಿ ಬಗೆಹರಿಯದ್ದಕ್ಕೇ ನಾದಿನಿ ಗಂಡನನ್ನು ಹೊರಡಿಸಿಕೊಂಡು ಬಂದಿದ್ದು.

"ಬಿಡಬೇಡ," ಅಂದಳು ಮುದುಕಿ ಮತ್ತೊಮ್ಮೆ.

ಅಮ್ಮನ ಅಂಗೈಯನ್ನು ನೀವುತ್ತಿದ್ದ ನಾದಿನಿಯ ಬೆರಳು ಅಲ್ಲಿನ ಬಿರುಕುಗಳ ಮೇಲೆ ನಿಂತಿತು. ಅವಳ ಮುಖ ಅರಳಿತು. ಅಯ್ಯೋ ಅತ್ತಿಗೆ, ಎಂದು ನಗುತ್ತಲೇ ತಿರುಗಿದಳು. "ಅದು ಗಿಡ. ಅಮ್ಮ ಸೊಪ್ಪು ಕೇಳ್ತಿದಾಳೆ. ನಾನು ಸಣ್ಣವಳಿದ್ದಾಗಿಂದ ಸಂಜೆ ಆದ್ರೆ ಬಿಡಬೇಡ ಕಿತ್ಕೊಂಡು ಬಾ ಅಂತ ನನ್ನನ್ನೇ ಓಡಿಸ್ತಿದ್ಲು. ನಿಮಗೆ ಹೊಳೀಲೇ ಇಲ್ವಾ?"

ಸೊಸೆಗೆ ಹೊಳೆದಿರಲಿಲ್ಲ. ಎಲೆ ಗಿಲೆ ಏನನ್ನೂ ಹಚ್ಚಬೇಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಬಿಟ್ಟಿದ್ದೆ ಎಂದು ತೊದಲಿದಳು. ಅಂಗೈಗೆ ಕಟ್ಟಿದರೆ ಏನು ಗಂಟು ಹೋಗುತ್ತೆ, ಒಮ್ಮೆ ನೋಡೋಣ ಎಂದಳು ನಾದಿನಿ. ಸೊಸೆ ಬೇಲಿಗೆ ಹೋಗಿ ಸೊಪ್ಪು ತಂದಳು, ಅರೆದಳು, ಬಟ್ಟೆಯಲ್ಲಿ ಕಟ್ಟಿ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಒತ್ತಿ ಬೆಚ್ಚಗೆ ಮಾಡಿದಳು. ಮುದುಕಿಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟಿ, ರಸ ಹಾಸಿಗೆಗೆ ಇಳಿಯದಂತೆ ಒಣಗುವವರೆಗೂ ಹಿಡಿದು ಕೂತಳು. ಲಕ್ವ ಹೊಡೆಯುವ ಮೊದಲು ಎಷ್ಟೋ ವರ್ಷ ಅತ್ತೆಯ ಕೈಗೆ ಸೊಪ್ಪು ಕಟ್ಟಿ ಹಾಗೆಯೇ ಕೂತವಳು ಅವಳು. ಮುದುಕಿ ನಿದ್ದೆಹೋದಳು. ಮತ್ತೆ ಬೆಳಗಿನವರೆಗೂ ಒಂದು ಮಾತಿಲ್ಲ.

"ನೋಡಿದ್ರಾ?" ಎಂದಳು ನಾದಿನಿ, ಬಾಗಿಲಲ್ಲಿ ನಿಂತು, ಪಿಸುದನಿಯಲ್ಲಿ.

"ಹೌದು. ಗಿಡಾನೇ," ಎಂದಳು ಸೊಸೆ.

ಆಮೇಲೆ ಪಾತ್ರೆ ತೊಳೆಯುವ ನೆವದಲ್ಲಿ ಹಿಂದಕ್ಕೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. ಎಂಥ ಹುಚ್ಚಿ ನಾನು ಎಂದು ತನ್ನನ್ನೇ ಬೈದುಕೊಂಡಳು. ಕಳೆಗಿಡವೊಂದರ ಮೇಲೆ ಹೊಟ್ಟೆಕಿಚ್ಚುಪಟ್ಟ ಹೆಂಗಸು ಲೋಕದಲ್ಲಿ ಇನ್ನೊಬ್ಬಳು ಇರಲಾರಳು. ಕರೆದದ್ದು ನನ್ನನ್ನೇ ಎಂದು ಓಡಿ ಓಡಿ ಹೋದದ್ದೇನು, ಕೈ ಹಿಡಿದು ಕೂತದ್ದೇನು, ಅತ್ತೆ ಪಾಪ ಸೊಪ್ಪು ತಾರೇ ಎಂದು ಒದ್ದಾಡುತ್ತಿದ್ದಳು. ಬೇಡುವುದು ಅರ್ಥವಾಗದವಳು ನೋಡಿಕೊಳ್ಳುವುದಾದರೂ ಹೇಗೆ? ಹೆತ್ತ ಮಗಳು ಬಂದ ಒಂದು ಗಳಿಗೆಯಲ್ಲಿ ತಿಳಿದುಕೊಂಡಳು. ಒಳಗೆ ಬಂದು ನಾದಿನಿಗೆ, ಕರಕೊಂಡು ಹೋಗು, ಅದೇ ಸರಿ ಎಂದಳು.

ನಾದಿನಿಗೆ ಇಷ್ಟು ಸುಲಭವಾಗಿ ಒಪ್ಪಿಗೆ ಸಿಗುತ್ತದೆಂಬ ನಿರೀಕ್ಷೆಯಿರಲಿಲ್ಲ. ಬೆಳಿಗ್ಗೆ ತಾನಾಗಿಯೇ ಬಂದು, ಆ ಗಿಡ ಗುರುತಿಸುವುದು ಮರೆತುಹೋಗಿದೆ, ಹೇಳಿಕೊಡಿ ಎಂದು ಕೇಳಿದಳು. ಇಬ್ಬರೂ ಬೇಲಿಗೆ ಹೋದರು. ನಾದಿನಿ ಕೈ ಹಾಕಿದ ಮೊದಲ ಗಿಡವೇ ತಪ್ಪು.

"ಅದು ಮುಳ್ಳುಕೀರೆ ಕಣೇ," ಎಂದಳು ಸೊಸೆ. "ಅದರ ಎಲೆ ನೋಡು, ಒಂದು ಈ ಕಡೆ, ಇನ್ನೊಂದು ಮೇಲೆಲ್ಲೋ ಆ ಕಡೆ. ನಮ್ಮದು ಹಾಗಲ್ಲ. ಒಂದು ಎಲೆ ಇದ್ದಲ್ಲಿ ಅದರ ಎದುರಿಗೇ ಇನ್ನೊಂದು ಇರ್ಬೇಕು. ಜೋಡಿ ತಪ್ಪೋದಿಲ್ಲ."

ಕಾಂಡದ ಗೆಣ್ಣುಗಳು ಊದಿಕೊಂಡಂತೆ, ತುಸು ಕೆಂಪಗೆ ಇರುವುದನ್ನು ತೋರಿಸಿದಳು. ಎಲೆಯ ಮೇಲಿನ ನವಿರು ಕೂದಲನ್ನು ಬೆರಳಿನಿಂದ ಮುಟ್ಟಿಸಿದಳು. ಕೊನೆಗೆ ಕಡ್ಡಿಯಂತೆ ಉದ್ದಕ್ಕೆ ನಿಂತ ತೆನೆಯನ್ನು ಮೇಲಿನಿಂದ ಕೆಳಕ್ಕೆ ಸವರಲು ಹೇಳಿದಳು, ನುಣ್ಣಗಿತ್ತು. ಈಗ ಕೆಳಗಿನಿಂದ ಮೇಲಕ್ಕೆ ಎಂದಳು. ನಾದಿನಿ ಚುಚ್ಚಿಸಿಕೊಂಡು ಬೆರಳು ಬಾಯಿಗಿಟ್ಟುಕೊಂಡಳು. ಕೆಳಮುಖವಾಗಿ ಅಂಟಿಕೊಂಡ ಬೀಜ, ಎದುರು ಸವರಿದರೆ ಚುಚ್ಚಬೇಕು, ಹಾಗಾದರೆ ಮಾತ್ರ ಅದೇ ಗಿಡ ಎಂದು ಸೊಸೆ ಪಾಠ ಮುಗಿಸಿದಳು. ನಾದಿನಿ ಶಾಲೆಯ ಹುಡುಗಿಯ ಹಾಗೆ ಎಲ್ಲವನ್ನೂ ಒಪ್ಪಿಸಿದಳು. ಅಷ್ಟರಲ್ಲಿ ಇಬ್ಬರನ್ನೂ ಹುಡುಕಿಕೊಂಡು ಬಂದ ಅಳಿಯನ ಕಾಲುಚೀಲವೆಲ್ಲ ಬೀಜಮಯವಾಗಿತ್ತು. ಇದು ಎಲ್ಲಿಯ ಪೀಡೆ ಎಂದು ಅವನು ಕುಣಿದಾಡಿದ್ದನ್ನು ನೋಡಿ ಅತ್ತಿಗೆ ನಾದಿನಿ ಇಬ್ಬರೂ ನಕ್ಕರು. ಸೊಸೆಗೆ ನಗು ಹೇಗೆ ಬಂತೋ ಅವಳಿಗೇ ಗೊತ್ತಿಲ್ಲ.

ಮುದುಕಿಯನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಸುತ್ತ ದಿಂಬಿಟ್ಟರು. ಸೊಸೆ ಬಗ್ಗಿ ಕಾಲಿನ ಮೇಲೆ ಹೊದಿಕೆ ಸರಿಮಾಡುತ್ತಿದ್ದಾಗ ಮುದುಕಿಯ ಎಡಗೈ ಅವಳ ತೋಳಿನ ಬಟ್ಟೆಯನ್ನು ಹಿಡಿದುಕೊಂಡಿತು.

"ಬಿಡಬೇಡ."

"ಇಲ್ಲೇ ಇದೆ ಅತ್ತೆ. ಎಲ್ಲೂ ಹೋಗಲ್ಲ, ನಿಮ್ಮ ಜೊತೇಲೇ ಬರ್ತಿದೆ," ಎಂದಳು ಸೊಸೆ. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಸೊಪ್ಪಿನ ಕಟ್ಟನ್ನು ಆ ಕೈಗಿಟ್ಟಳು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಒಳಗೆ ಬಂದು ಅರ್ಧಕ್ಕೆ ಬಿಟ್ಟಿದ್ದ ಅಂಗಿಗೆ ನೀರು ಚಿಮುಕಿಸಿದಳು.

ಆಮೇಲೆ ಆಗಾಗ ಫೋನು ಮಾಡುತ್ತಿದ್ದಳು. ಊಟ ಮಾಡುತ್ತಾಳೆ, ಡಾಕ್ಟರು ಬಂದು ಹೋದರು, ಬಿಸಿಲಿಗೆ ಕೂರಿಸುತ್ತೇವೆ ಎಂದು ನಾದಿನಿ ಹೇಳುತ್ತಿದ್ದಳು. ಸೊಪ್ಪು ಕೇಳುತ್ತಾರಾ ಎಂದರೆ, ಕೇಳುತ್ತಾಳೆ, ಕೊಡುತ್ತೇವೆ ಎನ್ನುತ್ತಿದ್ದಳು. ಹೋಗಿ ನೋಡಿಬರಬೇಕೆಂದು ಸೊಸೆಗೆ ಎಷ್ಟೋ ಸಲ ಅನಿಸಿತು. ಹೋದರೆ ಮತ್ತೆ ಬಿಟ್ಟು ಬರಬೇಕಲ್ಲ ಎಂದು ತಡೆದುಕೊಂಡಳು. ಬೆಡ್‌ಶೀಟು ಹಿಂಡಲು ಈಗ ಎರಡನೆಯ ಕೈಯಿಲ್ಲ. ಒಂದು ತುದಿಯನ್ನು ನಲ್ಲಿಗೆ ಸುತ್ತಿ ಇನ್ನೊಂದನ್ನು ತಿರುಚುವುದು ಕಲಿತಳು. ಒಂದು ಬೆಳಿಗ್ಗೆ ಹಾಗೆ ತಿರುಚುತ್ತಿರುವಾಗಲೇ ಅಳಿಯ ಫೋನು ಮಾಡಿ, ಅತ್ತೆ ಹೋದರು, ನಿದ್ದೆಯಲ್ಲೇ ಹೋದರು ಎಂದ.

ಬಸ್ಸಿಳಿದು ಮನೆ ಹುಡುಕಿಕೊಂಡು ಹೋಗುವ ಹೊತ್ತಿಗೆ ಜನ ಸೇರಿದ್ದರು. ಮುದುಕಿಯನ್ನು ನಡುಮನೆಯಲ್ಲಿ ಮಲಗಿಸಿದ್ದರು. ಸೊಟ್ಟ ಬಾಯಿ ಈಗ ನೆಟ್ಟಗಾದ ಹಾಗೆ ಕಾಣುತ್ತಿತ್ತು. ಸೊಸೆ ಕಾಲಬಳಿ ಕೂತು ಸಾಕಾಗುವಷ್ಟು ಅತ್ತಳು. ಸ್ವಲ್ಪ ಹೊತ್ತಿನ ಮೇಲೆ ನಾದಿನಿ ಬಂದು ಭುಜ ಮುಟ್ಟಿ, ಒಳಗೆ ಬನ್ನಿ ಎಂದು ಮುದುಕಿ ಮಲಗುತ್ತಿದ್ದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದಳು.

ದೊಡ್ಡ ಕಿಟಕಿಯ ಒಳ್ಳೆಯ ಕೋಣೆ. ಆದರೆ ಎಲ್ಲಿ ನೋಡಿದರೂ ಅದೇ ಬೀಜ. ಪರದೆಯ ಅಂಚಿಗೆ, ಹೊದಿಕೆಗೆ, ಕಾಲೊರೆಸುವ ಬಟ್ಟೆಗೆ, ಬೆಡ್‌ಶೀಟಿನ ಉದ್ದಗಲಕ್ಕೂ. ಮೂಲೆಯಲ್ಲಿ ಬಾಡಿದ ಗಿಡಗಳ ರಾಶಿ.

"ಎಲೆ ಜೋಡಿ ನೋಡಿಯೇ ಕಿತ್ತೆ ಅತ್ತಿಗೆ," ಎಂದಳು ನಾದಿನಿ. ಅವಳ ಧ್ವನಿ ಅತ್ತು ಅತ್ತು ಒಡೆದುಹೋಗಿತ್ತು. "ರೈಲು ಹಳಿ ಪಕ್ಕದ ಬೇಲೀಲಿ ಸಿಕ್ತು. ಗೆಣ್ಣು ನೋಡಿದೆ, ತೆನೆ ಸವರಿ ನೋಡಿದೆ. ಕೆಲಸದವಳಿಗೆ ಬಿಡದೆ ನಾನೇ ಅರೆದೆ, ನಾನೇ ಬಿಸಿ ಮಾಡಿ ಕಟ್ಟಿದೆ. ಕಿತ್ತು ಬಿಸಾಕಿದ್ಲು. ಅರೆಯೋದು ಬೇಡ್ವೇನೋ ಅಂತ ಗಿಡಾನೇ ಕೈಗೆ ಕೊಟ್ಟೆ, ಅದನ್ನೂ ಬಿಸಾಕಿದ್ಲು. ಬಾಗಿಲ ಕಡೆ ನೋಡ್ಕೊಂಡು ಮತ್ತೆ ಬಿಡಬೇಡ ಅನ್ನೋಳು. ದಿನಾ ಇದೇ. ನಿನ್ನೆ ಸಂಜೇನೂ ಇದೇ. ಫೋನಲ್ಲಿ ಕೇಳೋಣ ಅಂದ್ರೆ ಅಷ್ಟು ಹೇಳ್ಕೊಟ್ರೂ ಬರಲಿಲ್ವಾ ಅಂತೀರೇನೋ ಅಂತ ನಾಚಿಕೆ ಆಯ್ತು." ಅವಳು ಮೂಗು ಒರೆಸಿಕೊಂಡಳು. "ಅವತ್ತು ನೀವು ಕಟ್ಟಿದಾಗ ಮಗು ಥರ ಮಲಗಿದ್ಲಲ್ಲ. ಅದಕ್ಕೆ ನೀವು ಏನು ಬೆರೆಸ್ತಿದ್ರಿ?"

ಸೊಸೆ ಮೂಲೆಯ ರಾಶಿಯನ್ನು ನೋಡಿದಳು. ಅಂದರೆ ಗಿಡವಲ್ಲ. ಅತ್ತೆ ಕೇಳಿದ್ದು ಗಿಡವನ್ನಲ್ಲ. ಕಾರಿನಲ್ಲಿ ತೋಳಿನ ಬಟ್ಟೆ ಹಿಡಿದು ಕೇಳಿದ್ದೂ ಗಿಡವನ್ನಲ್ಲ, ಇಲ್ಲಿ ಬಾಗಿಲು ನೋಡಿ ನೋಡಿ ಕರೆದದ್ದೂ ಗಿಡವನ್ನಲ್ಲ. ತಾನೇ ಆ ಬೆರಳು ಬಿಡಿಸಿದ್ದು. ನನ್ನನ್ನೇ ಕಣೇ, ನನ್ನನ್ನೇ ಕರೀತಿದ್ದದ್ದು ಎಂದು ಸೂರು ಹಾರಿಹೋಗುವ ಹಾಗೆ ಕೂಗಬೇಕೆನಿಸಿತು. ಈ ಮಾತಿಗಾಗಿ ಅವಳು ಎಷ್ಟು ಕಾದಿದ್ದಳು!

ನಾದಿನಿ ಉತ್ತರಕ್ಕಾಗಿ ಅವಳ ಮುಖವನ್ನೇ ನೋಡುತ್ತಿದ್ದಳು. ಅವಳ ಉಗುರಿನ ಸಂದಿಗಳೆಲ್ಲ ಸೊಪ್ಪಿನ ರಸಕ್ಕೆ ಕರಿಹಸಿರಾಗಿದ್ದವು. ಕಚೇರಿಯ ಕೆಲಸದ ಮೆತ್ತನೆಯ ಬೆರಳುಗಳ ತುದಿಯಲ್ಲಿ ಚುಚ್ಚಿದ ಕೆಂಪು ಚುಕ್ಕೆಗಳು. ಸೊಸೆ ಅವನ್ನು ನೋಡಿದಳು.

"ಉಪ್ಪು," ಎಂದಳು. "ಒಂದು ಚಿಟಿಕೆ ಉಪ್ಪು ಹಾಕ್ತಿದ್ದೆ. ಇಲ್ದಿದ್ರೆ ಸೊಪ್ಪು ಉರಿಯುತ್ತೆ. ಅದಕ್ಕೇ ಬಿಸಾಕಿರ್ತಾರೆ."

"ನೀವು ಹೇಳಲೇ ಇಲ್ವಲ್ಲ ಅತ್ತಿಗೆ."

"ಮರ್ತುಬಿಟ್ಟೆ ಕಣೇ."

ನಾದಿನಿ ಅವಳನ್ನು ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ಅವಳ ಮುಖ ಬಿಗಿ ಕಳೆದುಕೊಂಡಿತು. ಒಂದು ಚಿಟಿಕೆ ಉಪ್ಪು, ಮನೇಲಿ ಇಲ್ದೇ ಇತ್ತಾ ಎನ್ನುತ್ತ ಹಾಸಿಗೆಯ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಸೊಸೆ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಅತ್ತು ಹಗುರಾದ ಮೇಲೆ ನಾದಿನಿ ಮುಖ ತೊಳೆದು, ಮನೆಗೆ ಬಂದವರನ್ನು ಮಾತಾಡಿಸಲು ಹೊರಗೆ ಹೋದಳು.

ಸೊಸೆ ಬೆಡ್‌ಶೀಟನ್ನು ಹಾಸಿಗೆಯಿಂದ ತೆಗೆದು ಕಿಟಕಿಯ ಬೆಳಕಿಗೆ ತಂದು, ನೆಲದ ಮೇಲೆ ಕೂತು, ಮೂಲೆಯಿಂದ ಶುರುಮಾಡಿ ಬೀಜ ಕೀಳತೊಡಗಿದಳು. ನಡುಮನೆಯಲ್ಲಿ ಹೊಸದಾಗಿ ಬಂದ ಯಾರಿಗೋ ನಾದಿನಿ ಎಲ್ಲವನ್ನೂ ಮೊದಲಿನಿಂದ ಹೇಳುತ್ತಿದ್ದಳು. ಉಪ್ಪು ಹಾಕಬೇಕಿತ್ತಂತೆ, ಅತ್ತಿಗೆ ಹೇಳೋದು ಮರೆತುಬಿಟ್ಟಿದ್ದರು ಎಂದದ್ದು ಮುಚ್ಚಿದ ಬಾಗಿಲಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು. ಕೇಳಿದವರು ಛೆ ಛೆ ಎಂದು ಬಾಯಿ ಚಪ್ಪರಿಸಿದರು. ಸೊಸೆ ಕಿತ್ತ ಬೀಜಗಳನ್ನು ಅಂಗೈಯಲ್ಲಿ ಕೂಡಿಡುತ್ತ ಹೋದಳು. ಒಂದು ಮಗ್ಗುಲು ಮುಗಿದ ಮೇಲೆ ಬೆಡ್‌ಶೀಟನ್ನು ತಿರುವಿಹಾಕಿದಳು. ಆ ಮಗ್ಗುಲಿಗೂ ಅಷ್ಟೇ ಅಂಟಿದ್ದವು.